ಮಣ್ಣಿಗೆ ಕೊಟ್ಟ ಗಂಟು

ತಾಲೂಕು ಕಚೇರಿಗಳ ದಫ್ತರ ಕೋಣೆಯಲ್ಲಿ ನನ್ನ ಆಯುಷ್ಯದ ಮುಕ್ಕಾಲು ಪಾಲು ಕಳೆಯಿತು. ಮುಂಡರಗಿಯಲ್ಲಿ ಗುಮಾಸ್ತನಾಗಿ ಸೇರಿ, ಶಿರಹಟ್ಟಿಗೆ ವರ್ಗವಾಗಿ, ಕೊನೆಗೆ ಲಕ್ಷ್ಮೇಶ್ವರದಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಇಷ್ಟು ವರ್ಷಗಳಲ್ಲಿ ನನ್ನ ಕೈಯಿಂದ ಒಂದೇ ಒಂದು ಕಾಗದ ಕಳೆದಿಲ್ಲ. ಇಲಿ ತಿಂದ ಕಾಗದಕ್ಕೂ, ಇಂತಿಷ್ಟು ಭಾಗವನ್ನು ಇಲಿ ತಿಂದಿರುತ್ತದೆ ಎಂದು ಷರಾ ಬರೆದು ಉಳಿದ ಭಾಗವನ್ನು ಕಡತಕ್ಕೆ ಸೇರಿಸಿದವನು ನಾನು. ಈ ಸಂಗತಿಯನ್ನು ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಈಗ ಹೇಳುವುದಿಲ್ಲ. ನನ್ನ ತಮ್ಮನ ಬಲಗಾಲಿಗೆ ಸಂಬಂಧಿಸಿದ ಒಂದು ಚೀಟಿ ಈ ಹೊತ್ತಿಗೂ ನನ್ನ ಕಡತದಲ್ಲಿ ಒಂದು ಮಡಿಕೆ ಹಾಳಾಗದೆ ಇದೆ. ಆ ಚೀಟಿಯ ಜೊತೆಗೆ ಹೋಗಬೇಕಾಗಿದ್ದ ವಸ್ತುವನ್ನು ಮಾತ್ರ ನಾನೇ ನನ್ನ ಕೈಯಾರೆ ಹಿತ್ತಲಲ್ಲಿ ಹೂತೆ.

ನಮ್ಮ ಮನೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರರ ಓಣಿಯಲ್ಲಿದೆ. ಮಗ್ಗದ ಸಪ್ಪಳ ಒಂದು ತಾಸು ನಿಂತರೆ ಬಾಜೂ ಮನೆಯವರು ಬಂದು ಬಾಗಿಲಲ್ಲಿ ಇಣುಕುವಂಥ ಓಣಿ. ಅಪ್ಪ ನೇಯುತ್ತಿದ್ದ. ಹಿರಿಯ ಮಗನಾದ ನನಗೆ ಎಳೆ ಕಟ್ಟಲು ಬರಲಿಲ್ಲವಾದ್ದರಿಂದ ಓದಿಸಿದರು. ನನಗಿಂತ ಹತ್ತು ವರ್ಷ ಚಿಕ್ಕವನಾದ ತಮ್ಮನಿಗೆ ಎಳೆ ಕಟ್ಟಲು ಬಂತಾದ್ದರಿಂದ ಮಗ್ಗಕ್ಕೆ ಕೂರಿಸಿದರು. ಹೀಗೆ ಕೆಲಸ ಬಾರದವನು ಸರಕಾರಕ್ಕೆ, ಬರುವವನು ಸೀರೆಗೆ ಎಂದು ಹಂಚಿಕೆಯಾಯಿತು. ನಮ್ಮಿಬ್ಬರನ್ನೂ ಬೆಳೆಸಿದವಳು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಈಗಲೂ ಅವಳೇ ಮನೆಯ ಹಿರಿತಲೆ. ಕಿವಿ ಸ್ವಲ್ಪ ಮಂದ, ಉಳಿದದ್ದೆಲ್ಲ ಚುರುಕು.

ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಹಲಗೆ ಹಾಕಿರುತ್ತದೆ. ಅದರ ಮೇಲೆ ಕುಳಿತು, ಎರಡೂ ಕಾಲು ಒಳಗೆ ಇಳಿಬಿಟ್ಟು, ಅಡಿಯಲ್ಲಿರುವ ಎರಡು ತುಳಿಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಕಾಲು ತುಳಿದಂತೆ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಲಾಳಿ ಓಡುತ್ತದೆ. ನೋಡುವವರು ಕೈಯನ್ನು ನೋಡುತ್ತಾರೆ. ನೇಯುವುದು ಕಾಲು ಎಂದು ತಮ್ಮ ಹೇಳುತ್ತಿದ್ದ. ಕುಣಿಯೊಳಗಿನ ಕತ್ತಲಲ್ಲಿ ಕಾಲನ್ನು ಯಾರೂ ನೋಡುವುದಿಲ್ಲ, ಅವನೂ ನೋಡುವುದಿಲ್ಲ. ಪಾದಕ್ಕೆ ಗೊತ್ತಿರುತ್ತದೆ.

ಹೀಗೆ ದಿನವಿಡೀ ಹಲಗೆಯ ಅಂಚು ತೊಡೆಗೆ, ತುಳಿಹಲಗೆ ಹಿಮ್ಮಡಿಗೆ ಒತ್ತಿ ಒತ್ತಿ ನಮ್ಮ ಓಣಿಯ ಗಂಡಸರ ಕಾಲುಗಳಲ್ಲಿ ಒಂದಲ್ಲ ಒಂದು ಗಡಸು ಇದ್ದೇ ಇರುತ್ತದೆ. ಇದಕ್ಕೆ ಮಗ್ಗದ ಗಂಟು ಎಂದು ಹೆಸರು. ಅಪ್ಪನಿಗೆ ಹಿಮ್ಮಡಿಯ ಮೇಲೆ ಇತ್ತು. ಅದು ರೋಗವಲ್ಲ, ಪದವಿ. ಹೆಣ್ಣು ಕೊಡುವವರು ಬಂದಾಗ ಹುಡುಗನ ಕಾಲು ನೋಡಿ, ಗಂಟು ಬಿದ್ದೈತಿ, ಕೂತು ದುಡಿಯೋ ಮಗ ಎಂದು ಒಪ್ಪಿಕೊಂಡ ಉದಾಹರಣೆಗಳು ನಮ್ಮಲ್ಲಿವೆ. ಆದ್ದರಿಂದ ಮೂರು ವರ್ಷದ ಹಿಂದೆ ತಮ್ಮನ ಬಲತೊಡೆಯ ಹಿಂಭಾಗದಲ್ಲಿ, ಮಂಡಿಗಿಂತ ಗೇಣು ಮೇಲೆ, ಅಡಕೆಯಷ್ಟು ದಪ್ಪದ್ದೊಂದು ಕಾಣಿಸಿಕೊಂಡಾಗ ಮನೆಯಲ್ಲಿ ಯಾರೂ ಅದನ್ನು ಕಾಯಿಲೆಯ ಖಾತೆಗೆ ಹಾಕಲಿಲ್ಲ. ತಡವಾಗಿ ಬಂದ ಬಡ್ತಿ ಎಂದು ನಾನೇ ನಗೆಯಾಡಿದೆ.

ಬಡ್ತಿ ನಿಲ್ಲಲಿಲ್ಲ. ಅಡಕೆ ಇದ್ದದ್ದು ಯುಗಾದಿಯ ಹೊತ್ತಿಗೆ ನಿಂಬೆಹಣ್ಣಾಯಿತು, ದೀಪಾವಳಿಯ ಹೊತ್ತಿಗೆ ನಿಂಬೆಹಣ್ಣನ್ನೂ ದಾಟಿತು. ನೋವು ಒಂದಿಷ್ಟೂ ಇರಲಿಲ್ಲ. ನಮ್ಮನ್ನು ಕೆಡಿಸಿದ್ದು ಅದೇ. ನೋವಿದ್ದರೆ ಅವನು ದವಾಖಾನೆಗೆ ಹೋಗುತ್ತಿದ್ದ. ನೋಯದ ಗಂಟಿಗಾಗಿ ಅರ್ಧ ದಿನದ ನೇಯ್ಗೆ ಬಿಡುವುದು ಅವನ ಲೆಕ್ಕದಲ್ಲಿ ಸೋಮಾರಿತನ. ನಾನೂ ಹಾಗೇ ತಿಳಿದೆ. ನೋಯದೆ ಬೆಳೆಯುವ ಗಂಟನ್ನೇ ಮೊದಲು ನೋಡಿಸಬೇಕು ಎಂದು ಯಾರೂ ನಮಗೆ ಹೇಳಿರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆವೆಂದು ಪ್ರಮಾಣ ಮಾಡಲಾರೆ.

ಹೇಳುವವರಿಗೇನೂ ಕೊರತೆ ಇರಲಿಲ್ಲ. ನಮ್ಮ ಬೀಗರು ನಂಟರೆಲ್ಲ ನಾಲ್ಕು ಊರಲ್ಲಿ ಹರಡಿಕೊಂಡಿದ್ದಾರೆ, ಪ್ರತಿ ಊರಿಗೂ ಸ್ವಂತದ ವೈದ್ಯಶಾಸ್ತ್ರವಿದೆ. ತಮ್ಮನ ಹೆಂಡತಿಯ ತವರಾದ ಮುಂಡರಗಿಯಿಂದ ಕಪ್ಪತಗುಡ್ಡದ ಯಾವುದೋ ಬೇರು ಬಂತು, ಅರೆದು ಹಚ್ಚಿದ್ದಾಯಿತು. ಚರ್ಮ ಸುಟ್ಟಿತು, ಗಂಟು ಇದ್ದಂತೆಯೇ ಇತ್ತು. ಲಕ್ಷ್ಮೇಶ್ವರದಲ್ಲಿ ತಿಕ್ಕಿ ಕರಗಿಸುವವನೊಬ್ಬನಿದ್ದ. ಅವನ ಹೆಬ್ಬೆರಳಿನ ಕೀರ್ತಿ ನಾನು ಅಲ್ಲಿ ನೌಕರಿಯಲ್ಲಿದ್ದಾಗಲೇ ಕಿವಿಗೆ ಬಿದ್ದಿತ್ತು. ಅವನ ಬಳಿಗೆ ತಮ್ಮನನ್ನು ಖುದ್ದಾಗಿ ಕರೆದುಕೊಂಡು ಹೋದವನು ನಾನೇ. ಐದು ಮಂಗಳವಾರ ತಿಕ್ಕಿದ. ಅದು ತಿಕ್ಕಬಾರದ ವಸ್ತು ಎಂದು ನನಗೆ ತಿಳಿದದ್ದು ಆಮೇಲೆ. ಶಿರಹಟ್ಟಿಯ ಸೋದರಮಾವ ಹಲಗೆಯ ಮೇಲೆ ದಿಂಬು ಹಾಕಿಕೊಳ್ಳಲು ಹೇಳಿದ. ಈ ಎಲ್ಲ ಚಿಕಿತ್ಸೆಗಳಲ್ಲಿ ಹಾನಿ ಮಾಡದೆ ಉಳಿದದ್ದು ಆ ದಿಂಬೊಂದೇ.

ಕೊನೆಗೆ ಕೂತರೆ ಒಂದು ಕುಂಡಿ ಮೇಲೆದ್ದು ಲಾಳಿ ಸೊಟ್ಟ ಓಡಲು ಶುರುವಾದಾಗ ತಮ್ಮನಿಗೆ ಸಿಟ್ಟು ಬಂತು. ರೋಗದ ಮೇಲಲ್ಲ, ಸೀರೆಯ ಅಂಚು ಕೆಡುತ್ತಿದೆ ಎಂದು. ಹತ್ತಿರದ ಸಣ್ಣ ದವಾಖಾನೆಯೊಂದಕ್ಕೆ ಹೋದೆವು. ಅದು ನಾಲ್ಕು ಊರಲ್ಲಿ ಯಾವುದರಲ್ಲಿದೆ ಎಂದು ಬರೆಯುವುದಿಲ್ಲ. ಅಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯ, ನನಗೆ ಕುರ್ಚಿ ಹಾಕಿಸಿದವರು. ಒತ್ತಿ ನೋಡಿ, ಕೊಬ್ಬಿನ ಗಂಟು, ಇಲ್ಲೇ ತೆಗೆದುಬಿಡೋಣ ಎಂದರು. ಸ್ಕ್ಯಾನಿಲ್ಲ, ಸೂಜಿ ಚುಚ್ಚಿ ಒಂದು ಚೂರು ತೆಗೆದು ನೋಡಿದ್ದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತೊಡೆಯ ಮೇಲೆ ಅಡ್ಡಡ್ಡವಾಗಿ ಕೊಯ್ದು, ಬಟಾಣಿ ಸುಲಿದಂತೆ ಸುಲಿದು ತೆಗೆದರು. ನಾನು ಹೊರಗೆ ದಿನಪತ್ರಿಕೆಯ ಒಳಪುಟ ಮುಗಿಸುವುದರೊಳಗೆ ಶಸ್ತ್ರಚಿಕಿತ್ಸೆ ಮುಗಿದಿತ್ತು. ಎಂಥ ಚುರುಕಿನ ಕೆಲಸ ಎಂದು ಮೆಚ್ಚಿಕೊಂಡೆ. ಸರಕಾರಿ ನೌಕರಿಯಲ್ಲಿದ್ದವನಿಗೆ ಬೇಗ ಮುಗಿದದ್ದೆಲ್ಲ ಚೆನ್ನಾಗಿಯೇ ಆಗಿದೆ ಎಂದು ಕಾಣುತ್ತದೆ.

ಹೊರಗೆ ಬಂದು ಡಾಕ್ಟರು ನನ್ನ ಕೈಗೆ ಎರಡು ವಸ್ತು ಕೊಟ್ಟರು. ಒಂದು, ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿ. ಅದರೊಳಗೆ ಘಾಟು ಹೊಡೆಯುವ ನೀರು, ನೀರಿನೊಳಗೆ ಸದರಿ ಗಂಟು. ಇನ್ನೊಂದು, ಚೀಟಿ.

"ನೋಡಾಕ ಕೊಬ್ಬಿಂದು ಇದ್ದಂಗ ಕಾಣ್ತೈತ್ರಿ. ಆದ್ರೂ ಗದಗಿನ ಲ್ಯಾಬಿಗೆ ಕೊಟ್ಟು ಹೋಗ್ರಿ," ಎಂದರು.

ಈ ಎರಡು ವಾಕ್ಯಗಳಲ್ಲಿ ನಾನು ಮೊದಲನೆಯದನ್ನು ಕೇಳಿಸಿಕೊಂಡೆ. ಎರಡನೆಯದು ಕಿವಿಗೆ ಬಿತ್ತು, ಅಷ್ಟೇ. ಕಚೇರಿಯಲ್ಲಿ ಎಲ್ಲ ಹುಕುಮಿನ ಕೊನೆಗೂ ಅಂಥದ್ದೊಂದು ಸಾಲು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಆದರೂ ಚೀಟಿಯನ್ನು ಮಡಚಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡೆ. ಬಾಟಲಿಯನ್ನು ಕೈಚೀಲದಲ್ಲಿ ಹಾಕಿಕೊಂಡೆ. ಬಸ್ಸಿನಲ್ಲಿ ಒಂದು ಕಡೆ ತಮ್ಮ ಒರಗಿಕೊಂಡಿದ್ದ, ಇನ್ನೊಂದು ಕಡೆ ಅವನ ಗಂಟು. ಹಾದಿಯಲ್ಲೇ ಲ್ಯಾಬು ಇತ್ತು. ಅದರ ಮುಂದೆಯೇ ಆಟೋ ಹಿಡಿದೆವು. ಆದರೆ ತಮ್ಮನಿಗೆ ಮರಗಟ್ಟಿದ್ದು ಬಿಡುತ್ತಿತ್ತು, ಉರಿ ಶುರುವಾಗಿತ್ತು. ಮೊದಲು ಮನೆ ಮುಟ್ಟೋಣ, ಮರುದಿನ ಕೊಟ್ಟರಾಯಿತು ಎಂದುಕೊಂಡೆ.

ಮನೆಯಲ್ಲಿ ದೊಡ್ಡವ್ವ ಕೈಚೀಲದಲ್ಲಿ ಏನಿದೆ ಎಂದು ಕೇಳಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಬಾಟಲಿ ತೆಗೆದು ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದನ್ನ ಏನ್ ಮಾಡ್ತೀ?"

ಲ್ಯಾಬಿಗೆ ಕೊಡುವುದೆಂದೆ. ಅವರು ಏನು ಮಾಡುತ್ತಾರೆಂದು ಕೇಳಿದಳು. ತೆಳ್ಳಗೆ ಹೆಚ್ಚಿ ಗಾಜಿನ ಮೇಲಿಟ್ಟು ನೋಡುತ್ತಾರೆ ಎಂದೆ. ಆಮೇಲೆ ಎಂದಳು. ಆಮೇಲೆ ಏನೆಂದು ನನಗೂ ಗೊತ್ತಿರಲಿಲ್ಲ. ಎಸೆಯಬಹುದು ಎಂದೆ. ನನ್ನ ಜೀವನದಲ್ಲಿ ಹೇಳಿದ ಎಷ್ಟೋ ಖರೆ ಮಾತುಗಳಲ್ಲಿ ಅಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ.

"ನಮ್ಮ ಮೈಯಾಗಿಂದು ಮಣ್ಣಿಗೆ ಹೋಗಬೇಕೋ ಮಗನ. ಬಾಟ್ಲ್ಯಾಗ ಕುಂತು ಊರೂರು ತಿರಗಬಾರದು."

ಇದನ್ನು ಕೇಳಿ ನಗುವವರು ನಮ್ಮ ಮನೆಯ ರೀತಿಯನ್ನು ತಿಳಿಯಬೇಕು. ನಾವು ಸುಡುವವರಲ್ಲ, ಹೂಳುವವರು. ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿ ಬಿದ್ದರೆ ಹಿತ್ತಲ ನುಗ್ಗೆಗಿಡದ ಬುಡಕ್ಕೆ. ಸಣ್ಣವನಿದ್ದಾಗ ತಮ್ಮನ ಬೆರಳ ತುದಿ ಬಾಗಿಲ ಸಂದಿಗೆ ಸಿಕ್ಕು ತುಂಡಾದಾಗ ಅದೂ ಅಲ್ಲಿಗೇ. ಹೀಗೆ ಪೂರ್ವನಿದರ್ಶನಗಳು ಸ್ಪಷ್ಟವಾಗಿದ್ದವು. ದಫ್ತರದವನಿಗೆ ಪೂರ್ವನಿದರ್ಶನ ಸಿಕ್ಕರೆ ಮುಂದೆ ಬುದ್ಧಿಯ ಕೆಲಸವಿಲ್ಲ. ಗಂಟು ಕೊಬ್ಬಿನದು ಎಂದು ಡಾಕ್ಟರೇ ಹೇಳಿದ್ದಾರೆ, ಹಿರಿಯಳ ಮನಸ್ಸು ನೋಯಿಸುವುದೇಕೆ ಎಂದು ನನ್ನೊಳಗೇ ಒಂದು ಟಿಪ್ಪಣಿ ಬರೆದುಕೊಂಡು ನಾನೇ ಮಂಜೂರು ಮಾಡಿದೆ.

ಮರುದಿನ ಬೆಳಿಗ್ಗೆ ಅಂತ್ಯಕ್ರಿಯೆ ನಡೆಯಿತು. ಬಾಟಲಿ ಸಮೇತ ಹೂಳೋಣವೆಂದು ನಾನು ಅಂದದ್ದನ್ನು ದೊಡ್ಡವ್ವ ಒಪ್ಪಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಮಣ್ಣು ಕೊಡುತ್ತಾರೇನೋ ಎಂದಳು. ತೆಗೆದು, ತೊಳೆದು, ತಮ್ಮನೇ ನೇಯ್ದ ಸೀರೆಯಿಂದ ಕತ್ತರಿಸಿ ಉಳಿದ ಕೆಂಪು ರೇಷ್ಮೆಯ ತುಂಡಿನಲ್ಲಿ ಸುತ್ತಿ, ಮೊಣಕಾಲುದ್ದ ತೆಗ್ಗು ತೆಗೆದು ಇಟ್ಟೆವು. ವಿಭೂತಿಯನ್ನು ಅವಳು ಹಾಕಿದಳು, ಮಣ್ಣನ್ನು ನಾನು ಎಳೆದೆ. ಯಾರದೇ ಆಗಲಿ, ಅಷ್ಟು ಶ್ರದ್ಧೆಯಿಂದ ನಡೆದ ಕಾರ್ಯವನ್ನು ನಾನು ಕಂಡಿಲ್ಲ. ಖಾಲಿ ಬಾಟಲಿಯನ್ನು ತಮ್ಮನ ಹೆಂಡತಿ ಬೂದಿ ಹಾಕಿ ತಿಕ್ಕಿ ತೊಳೆದು, ಮಗ್ಗದ ಮೊಳೆ ಹಾಕಿಡಲು ಇಟ್ಟುಕೊಂಡಳು. ಚೀಟಿಯನ್ನು ನಾನು ತೂತು ಹಾಕಿ, ದಾರ ಕಟ್ಟಿ, ಅವನ ಹೆಸರಿನ ಕಡತದಲ್ಲಿ ಮೊದಲ ಪುಟವಾಗಿ ಸೇರಿಸಿದೆ.

ಗಾಯ ಮಾಯಿತು. ತಮ್ಮ ಕುಣಿಗೆ ಇಳಿದ. ಆರು ತಿಂಗಳು ಕಳೆಯುವುದರೊಳಗೆ ಹೊಲಿಗೆಯ ಪಕ್ಕದಲ್ಲೇ ಅದು ಮತ್ತೆ ಎದ್ದಿತು. ಈ ಸಲ ಅಡಕೆ, ನಿಂಬೆಯ ವರಸೆಗೆ ಕಾಯಲಿಲ್ಲ. ಈ ಸಲ ತಮ್ಮನೂ ಅದನ್ನು ಮಗ್ಗದ ಗಂಟು ಎನ್ನಲಿಲ್ಲ.

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಧಾರವಾಡದ ಕಡೆಯ ಮಾತು. ಮೊದಲು ಗಾಯದ ಗುರುತು ನೋಡಿದಳು. ಅಡ್ಡ ಕೊಯ್ದಿದ್ದಾರೆ ಎಂದು ತನಗೆ ತಾನೇ ಅಂದುಕೊಂಡಳು. ಅಡ್ಡ ಕೊಯ್ದರೆ ಏನೆಂದು ಕೇಳಿದೆ. ಕಾಲಿನ ಉದ್ದಕ್ಕೆ ಕೊಯ್ದಿದ್ದರೆ ಆ ಗೆರೆಯನ್ನು ಸೇರಿಸಿ ಕಡಿಮೆ ಮಾಂಸ ತೆಗೆಯಬಹುದು, ಈಗ ಎರಡೂ ಕಡೆ ಅಗಲವಾಗಿ ತೆಗೆಯಬೇಕಾಗುತ್ತದೆ ಎಂದಳು. ನಂತರ ಕೈ ಚಾಚಿದಳು.

"ಹೋದ ಸಲ ತಗದ ಗಡ್ಡಿ ರಿಪೋರ್ಟ್ ಕೊಡ್ರಿ."

ನಾನು ಕಡತ ತೆರೆದು ಚೀಟಿ ಕೊಟ್ಟೆ. ಅವಳು ಓದಿದಳು, ಹಿಂದೆ ತಿರುಗಿಸಿದಳು, ಹಿಂದೆ ಏನೂ ಇರಲಿಲ್ಲ.

"ಇದು ಪರೀಕ್ಷೆ ಮಾಡಸ್ರಿ ಅಂತ ಬರದ ಚೀಟಿ. ರಿಪೋರ್ಟ್ ಎಲ್ಲೈತ್ರಿ? ಹೋಗ್ಲಿ, ಗಡ್ಡಿನರ ಎಲ್ಲೈತಿ?"

ನಾನು ನಿವೃತ್ತ ದಫ್ತರದಾರ. ಮೂರು ಕಲೆಕ್ಟರುಗಳ ತಪಾಸಣೆಯಲ್ಲಿ ಬೆವರದವನು. ಆ ಮಗಳ ಮುಂದೆ ಕಡತದ ದಾರ ಬಿಚ್ಚಿ ಕಟ್ಟುತ್ತ ನಿಂತೆ. ತಮ್ಮನೇ ಹೇಳಿದ.

"ಮಣ್ಣು ಕೊಟ್ಟಾರ್ರಿ ಅದಕ್ಕ. ಮುಂದ ನಿಂತು ನಮ್ಮಣ್ಣನ ಮಾಡ್ಯಾನ."

ಅವಳು ಪೆನ್ನು ಕೆಳಗಿಟ್ಟಳು. ಬಾಟಲಿ ಸಮೇತವೇ ಎಂದು ಕೇಳಿದಳು. ಬಾಟಲಿ ಸಮೇತ ಹೂತಿದ್ದರೂ ಏನಾದರೂ ಮಾಡಬಹುದಿತ್ತಂತೆ, ಆ ಘಾಟಿನ ನೀರು ಕಾಯ್ದಿರುತ್ತಿತ್ತಂತೆ. ಇಲ್ಲ, ತೊಳೆದು ಇಟ್ಟೆವು ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

"ಇರ್ಲಿ ಬಿಡ್ರಿ ಡಾಕ್ಟ್ರ," ಎಂದ ತಮ್ಮ. "ಮುಂದ ನಾ ಹೋಗೋ ಹಾದಿ ಅದಕ್ಕರ ಗೊತ್ತಾತು."

ಊರಿಗೆ ಬಂದ ಮರುದಿನ ಮಧ್ಯಾಹ್ನ ನಾನು ಗುದ್ದಲಿ ಹಿಡಿದು ನುಗ್ಗೆಗಿಡದ ಬುಡ ಅಗೆದೆ. ಯಾಕೆಂದು ಕೇಳಿದರೆ ಕಾರಣವಿಲ್ಲ. ಏನೂ ಉಳಿದಿರುವುದಿಲ್ಲ ಎಂದು ಡಾಕ್ಟರು ಹೇಳಿದ್ದಳು. ರೇಷ್ಮೆಯ ತುಂಡು ಸಿಕ್ಕಿತು. ಮಣ್ಣು ಹಿಡಿದಿತ್ತು, ಆದರೆ ಬಣ್ಣ ಬಿಟ್ಟಿರಲಿಲ್ಲ. ಒಳಗೆ ಮಣ್ಣೇ ಇತ್ತು. ದೊಡ್ಡವ್ವ ಹಿತ್ತಲ ಬಾಗಿಲಲ್ಲಿ ನಿಂತು ಏನು ಹುಡುಕುತ್ತೀ ಎಂದು ಕೇಳಿದಳು. ರಿಪೋರ್ಟು ಎಂದೆ. ಅವಳು ತಿರುಗಿ ಒಳಗೆ ಹೋದಳು. ಅದಕ್ಕೂ ನನಗೆ ಸಿಟ್ಟು ಬಂತು. ತಪ್ಪಾಯಿತು ಎಂದು ಅವಳು ಹೇಳಲಿ ಎಂಬುದು ನನ್ನ ಆಸೆ. ಕೈಯಲ್ಲಿ ಚೀಟಿ ಇದ್ದವನು ನಾನು, ಓದಲು ಬರುವವನು ನಾನು, ತಪ್ಪನ್ನು ಓದುಬರಹವಿಲ್ಲದ ಎಂಬತ್ತೈದರ ಮುದುಕಿ ಒಪ್ಪಿಕೊಳ್ಳಬೇಕು. ನ್ಯಾಯ ಎಂದರೆ ಇದು.

ಮುಂದೆ ಎಲ್ಲವನ್ನೂ ಹೊಸದಾಗಿ ಮಾಡಿದರು. ದೊಡ್ಡ ಕೊಳವೆಯಂಥ ಯಂತ್ರದಲ್ಲಿ ಮಲಗಿಸಿ ತೊಡೆಯ ಚಿತ್ರ ತೆಗೆದರು. ದಪ್ಪ ಸೂಜಿಯಿಂದ ಒಂದು ಎಳೆ ತೆಗೆದು ಪರೀಕ್ಷೆಗೆ ಕಳಿಸಿದರು, ಈ ಸಲ ಬಾಟಲಿಯನ್ನು ನನ್ನ ಕೈಗೆ ಕೊಡಲಿಲ್ಲ. ಎದೆಯ ಸ್ಕ್ಯಾನ್ ಮಾಡಿಸಿದರು. ತೊಡೆಯ ರೋಗಕ್ಕೆ ಎದೆ ಯಾಕೆ ಎಂದು ಕೇಳಿದ್ದಕ್ಕೆ, ಈ ರೋಗ ಕಾಲಿನಿಂದ ಹೊರಟರೆ ಮೊದಲು ಹೋಗಿ ಕೂರುವುದು ಪುಪ್ಪುಸದಲ್ಲಿ ಎಂದರು. ಎದೆ ಸ್ವಚ್ಛವಿತ್ತು. ಗಂಟಿನ ಹೆಸರು ಸಾರ್ಕೋಮಾ ಎಂದು ತಿಳಿಯಿತು. ಕೊಬ್ಬು, ಸ್ನಾಯು, ನರ ಇಂಥ ಮೆತ್ತನೆಯ ಭಾಗಗಳಲ್ಲಿ ಹುಟ್ಟುವ ಕ್ಯಾನ್ಸರು. ಅಪರೂಪದ್ದಂತೆ. ಅದಕ್ಕೇ ಸಣ್ಣ ಊರಿನ ಡಾಕ್ಟರಿಗೆ ಅನುಮಾನ ಬರುವುದಿಲ್ಲವಂತೆ. ಅಪರೂಪದ್ದು ನಮ್ಮ ಮನೆಗೇ ಯಾಕೆ ಬಂತು ಎಂಬ ಪ್ರಶ್ನೆಗೆ ಯಾವ ಟೇಬಲ್ಲಿನಲ್ಲೂ ಉತ್ತರ ಸಿಗಲಿಲ್ಲ. ಮಗ್ಗದ ಹಲಗೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಮಾತ್ರ ಖಚಿತವಾಗಿ ಹೇಳಿದರು. ನಮ್ಮ ಓಣಿಯವರು ಇದನ್ನು ಇನ್ನೂ ನಂಬಿಲ್ಲ.

ನಾನು ಕೇಳಬೇಕಾದದ್ದನ್ನು ಕೊನೆಗೊಮ್ಮೆ ಕೇಳಿದೆ. ಅವತ್ತೇ ಬಾಟಲಿ ಲ್ಯಾಬಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು?

"ಹೇಳಾಕ ಬರಂಗಿಲ್ರಿ," ಎಂದಳು ಡಾಕ್ಟರು. "ಆರು ತಿಂಗಳು ಮೊದ್ಲು ಬರ್ತಿದ್ರಿ. ನರದಿಂದ ದೂರ ಇರ್ತಿತ್ತೋ ಏನೋ. ಇರದೇನೂ ಇರಬಹುದಿತ್ತು."

ಹೌದು ಎಂದಿದ್ದರೆ ಅಪರಾಧಿಯಾಗಿ ಒಂದು ಮೂಲೆಯಲ್ಲಿ ಕೂರುತ್ತಿದ್ದೆ, ಇಲ್ಲ ಎಂದಿದ್ದರೆ ಬಿಡುಗಡೆಯಾಗುತ್ತಿದ್ದೆ. ಹೇಳಲು ಬರುವುದಿಲ್ಲ ಎಂಬ ಷರಾದೊಂದಿಗೆ ನನ್ನ ಕಡತ ಈವರೆಗೂ ಬಾಕಿ ಇದೆ.

ನರದ ವಿಷಯ ಹೀಗಿತ್ತು. ತೊಡೆಯ ಹಿಂದೆ ಹೆಬ್ಬೆರಳು ದಪ್ಪದ ಒಂದು ದೊಡ್ಡ ನರ ಇಳಿಯುತ್ತದೆ, ಪಾದದ ಸಮಾಚಾರವೆಲ್ಲ ಅದರ ಮೂಲಕವೇ. ಹೊಸ ಗಡ್ಡೆ ಅದಕ್ಕೆ ಆತುಕೊಂಡಿತ್ತು. ಗಡ್ಡೆಯನ್ನಷ್ಟೇ ಸುಲಿದು ತೆಗೆದರೆ ಮತ್ತೆ ಬರುತ್ತದೆ, ಸುತ್ತಲಿನ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆಯಬೇಕು ಎಂದು ಅವಳು ವಿವರಿಸುತ್ತಿದ್ದಾಗ ನಾನು ತಲೆಯಾಡಿಸುತ್ತಿದ್ದೆ, ತಿಳಿಯುತ್ತಿರಲಿಲ್ಲ. ತಮ್ಮನಿಗೆ ತಿಳಿಯಿತು. ಬಟ್ಟೆಯ ಮೇಲೆ ಎಣ್ಣೆ ಬಿದ್ದರೆ ಕಲೆ ಕಂಡಷ್ಟೇ ಕತ್ತರಿಸಿದರೆ ಸಾಲದು, ಕಾಣದಂತೆ ಹಬ್ಬಿದ್ದನ್ನೂ ದಾಟಿ ಕತ್ತರಿ ಹಾಕಬೇಕು, ಹೌದಲ್ಲರಿ ಎಂದ. ಅವಳು ಹೌದೆಂದಳು. ಅವತ್ತಿನಿಂದ ಅವರಿಬ್ಬರ ನಡುವೆ ಮಾತು ಸಲೀಸಾಯಿತು, ನಾನು ಕಡತ ಹಿಡಿದು ಪಕ್ಕಕ್ಕೆ ಸರಿದೆ.

ಹಿಂದೆ ಇಂಥ ರೋಗಕ್ಕೆ ಕಾಲು ಕತ್ತರಿಸುವುದೇ ರೂಢಿಯಾಗಿತ್ತಂತೆ. ಈಗ ಬಹಳ ಜನರಿಗೆ ಕಾಲು ಉಳಿಸುತ್ತಾರೆ. ಅಂಚು ಸ್ವಚ್ಛವಾಗಿ ತೆಗೆದು ಆಮೇಲೆ ಕರೆಂಟು ಕೊಟ್ಟರೆ, ಕಾಲು ಕಳೆದುಕೊಂಡವರಷ್ಟೇ ಕಾಲ ಇವರೂ ಬದುಕುತ್ತಾರೆ ಎಂದಳು. ಕರೆಂಟು ಎಂದರೆ ರೇಡಿಯೇಶನ್, ನಮ್ಮ ಕಡೆ ಹಾಗೆನ್ನುತ್ತಾರೆ. ಆದರೆ ಸಹಿ ಹಾಕಲು ಕೊಟ್ಟ ಕಾಗದದಲ್ಲಿ ಎರಡೂ ಬರೆದಿತ್ತು. ಕಾಲು ಉಳಿಸಲು ಪ್ರಯತ್ನಿಸುವುದು. ಒಳಗೆ ತೆರೆದು ನೋಡಿದಾಗ ನರ, ರಕ್ತನಾಳ ಎಲ್ಲ ಗಡ್ಡೆಯೊಳಗೆ ಸಿಕ್ಕಿಕೊಂಡಿದ್ದರೆ ತೊಡೆಯ ಮೇಲ್ಭಾಗದಲ್ಲಿ ತೆಗೆಯುವುದು. ತಮ್ಮ ಓದಿಸಿ ಕೇಳಿದ.

"ಬಲಗಾಲ ಬಿಟ್ಟು ಎಡಗಾಲ ತಗೊಳ್ಳಾಕ ಬರಂಗಿಲ್ಲೇನ್ರಿ? ಅದು ಮೊದಲಿಂದ ಮೈಗಳ್ಳ."

ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ಸಹಿ ಹಾಕಿದ. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ. ಇಷ್ಟು ವರ್ಷ ಎಲ್ಲೆಂದರಲ್ಲಿ ಒಂದೇ ಬೀಸಿನಲ್ಲಿ ಹಾಕಿದ ಸಹಿ, ಆ ದಿನ ಅಕ್ಷರ ಅಕ್ಷರವಾಗಿ ಕೂಡಿಸಿ ಹಾಕಬೇಕಾಯಿತು.

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಹೋದ ಸಲ ಪತ್ರಿಕೆಯ ಒಳಪುಟದಷ್ಟು ಹೊತ್ತು. ಈ ಸಲ ಊಟದ ಹೊತ್ತು ಮೀರಿತು, ಚಹಾದ ಹೊತ್ತು ಮೀರಿತು. ತಮ್ಮನ ಹೆಂಡತಿ ಗೋಡೆಗೆ ಆತು ಕುಳಿತು ತೊಡೆಯ ಮೇಲೆ ಬೆರಳಿನಿಂದ ಸೀರೆಯ ನೂಲು ಹೊಸೆಯುತ್ತಲೇ ಇದ್ದಳು. ಎರಡು ಸಲ ನನ್ನ ಕಡೆ ತಿರುಗಿ, "ಭಾವಾರ, ಎಷ್ಟು ಕಾಲಿಂದ ಬರ್ತಾರ?" ಎಂದು ಕೇಳಿದಳು. ಸಂಜೆ ಡಾಕ್ಟರು ಹೊರಬಂದು ಕಾಲು ಇದೆ ಎಂದಳು. ತೊಡೆಯ ಹಿಂದಿನ ಸ್ನಾಯು ಬಹುಪಾಲು ತೆಗೆಯಬೇಕಾಯಿತು, ಇನ್ನೊಂದು ತೊಡೆಯಿಂದ ಚರ್ಮ ತೆಗೆದು ಮುಚ್ಚಿದ್ದಾರೆ. ನರವನ್ನು ಗಡ್ಡೆಯಿಂದ ಬಿಡಿಸಿದ್ದಾರೆ, ಆದರೆ ಅದರ ಮೇಲ್ಪೊರೆ ಕೆರೆದು ತೆಗೆಯಬೇಕಾಯಿತು, ಪಾದಕ್ಕೆ ಎಷ್ಟು ಸ್ಪರ್ಶ ಬರುತ್ತದೆ ಎಂದು ಕಾಯಬೇಕು. ತೆಗೆದದ್ದನ್ನು ಅವರೇ ಪರೀಕ್ಷೆಗೆ ಕಳಿಸಿದರು. ಅಂಚು ಸ್ವಚ್ಛ ಎಂದು ಹತ್ತು ದಿನಕ್ಕೆ ವರದಿ ಬಂತು.

ದೊಡ್ಡವ್ವ ಮನೆಯಲ್ಲಿ ಮೊದಲು ಕೇಳಿದ್ದು ಇದೇ.

"ಈ ಸಲದ್ದು ಎಲ್ಲೈತಿ?"

ದವಾಖಾನೆಯಲ್ಲೇ ಇಟ್ಟುಕೊಂಡಿದ್ದಾರೆ, ಮೇಣದ ಅಚ್ಚಿನಲ್ಲಿ ಹಾಕಿ ವರ್ಷಗಟ್ಟಲೆ ಇಡುತ್ತಾರೆ ಎಂದೆ.

"ಹಂಗಂದ್ರ ಅದೂ ನಿನ್ನಂಗ ದಫ್ತರದಾಗ ಕುಂತಿತು."

ಗಾಯ ಮಾಯ್ದ ಮೇಲೆ ಆರು ವಾರ ಕರೆಂಟು. ಶನಿವಾರ, ಭಾನುವಾರ ಬಿಟ್ಟು ದಿನವೂ ಗದಗಿನಿಂದ ಹುಬ್ಬಳ್ಳಿಗೆ ರೈಲು. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ಅದಕ್ಕಾಗಿ ಇಡೀ ದಿನ. ರೈಲು ತಡವಾದರೆ ಸರದಿ ತಪ್ಪುತ್ತಿತ್ತು, ಸರದಿ ತಪ್ಪಿದರೆ ಯಂತ್ರವನ್ನು ನಂಬಿ ಕೂರಬೇಕು, ಯಂತ್ರಕ್ಕೂ ಆಗಾಗ ರಜೆ ಬೇಕಾಗುತ್ತಿತ್ತು. ಒಂದು ಸಲ ಹೀಗೆ ಬರಿಗೈಲಿ ತಿರುಗಿ ಬರುವಾಗ ಎದುರು ಕುಳಿತ ಲಕ್ಷ್ಮೇಶ್ವರದ ಕಡೆಯ ಗೃಹಸ್ಥನೊಬ್ಬ ತಮ್ಮನ ಕಾಲು ನೋಡಿ ವಿಷಯ ತಿಳಿದುಕೊಂಡು, ಕೊಯ್ಯಿಸಬಾರದಾಗಿತ್ತು, ನಮ್ಮೂರಲ್ಲಿ ತಿಕ್ಕಿ ಕರಗಿಸುವವನಿದ್ದಾನೆ ಎಂದ. ನಾನು ನೌಕರಿಗೆ ಸೇರಿದಂದಿನಿಂದ ಸಾರ್ವಜನಿಕರೊಡನೆ ಏರುದನಿಯಲ್ಲಿ ಮಾತಾಡಿದವನಲ್ಲ. ಆ ದಿನ ಮಾತಾಡಿದೆ. ಅಣ್ಣಿಗೇರಿಯಲ್ಲಿ ಅವನು ಡಬ್ಬಿ ಬದಲಿಸಿದ.

ಅಲ್ಲಿಂದ ನನಗೊಂದು ಚಟ ಅಂಟಿತು. ಓಣಿಯ ನೇಕಾರರನ್ನು ಹಿಡಿದು ಕಾಲು ತೋರಿಸಿ ಎನ್ನುತ್ತೇನೆ. ಬೆಳೆಯುತ್ತಿದೆಯೇ, ನಿಂಬೆಹಣ್ಣಿಗಿಂತ ದೊಡ್ಡದಿದೆಯೇ, ಒತ್ತಿದರೆ ಆಳದಲ್ಲಿ ಸಿಗುತ್ತದೆಯೇ ಎಂದು ವಿಚಾರಣೆ ಮಾಡುತ್ತೇನೆ. ಕೊಯ್ಯುವ ಮೊದಲು ಸ್ಕ್ಯಾನ್, ಸೂಜಿ ಪರೀಕ್ಷೆ, ತೆಗೆದದ್ದು ಲ್ಯಾಬಿಗೆ ಎಂದು ಬಾಯಿಪಾಠ ಒಪ್ಪಿಸುತ್ತೇನೆ. ಅವರು ಎದುರಿಗೆ ಹ್ಞೂಂ ಎನ್ನುತ್ತಾರೆ. ನಾನು ಬರುವುದು ಕಂಡರೆ ಲುಂಗಿ ಇಳಿಬಿಡುತ್ತಾರೆ. ಹೋದ ತಿಂಗಳು ಒಬ್ಬನಿಗೆ ಮೊಣಕಾಲ ಪಕ್ಕ ಸ್ಪಷ್ಟವಾಗಿ ಬೆಳೆದದ್ದು ಕಂಡೆ. ಹುಬ್ಬಳ್ಳಿಗೆ ಹೋಗು, ನಾನೇ ಜೊತೆಗೆ ಬರುತ್ತೇನೆ ಎಂದೆ. ಅವನು ನಕ್ಕು, "ಯಜಮಾನ್ರ, ನೀವು ಜೋಡಿ ಬಂದ್ರ ಮೊದ್ಲು ತೆಗ್ಗ ತಗಸಬೇಕಾಕ್ಕೈತಿ," ಎಂದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅವನು ಇನ್ನೂ ಹೋಗಿಲ್ಲ. ನಾನು ದಿನಾ ಬೆಳಿಗ್ಗೆ ಅವನ ಬಾಗಿಲ ಮುಂದೆ ಹಾದು ಹೋಗುತ್ತೇನೆ, ಅಷ್ಟೇ ನನ್ನಿಂದ ಸಾಧ್ಯವಾಗಿರುವುದು.

ತಮ್ಮ ಕೋಲು ಹಿಡಿದು ನಡೆಯುತ್ತಾನೆ. ಮೂರು ತಿಂಗಳಿಗೊಮ್ಮೆ ಎದೆಯ ಸ್ಕ್ಯಾನ್. ಇಲ್ಲಿಯವರೆಗಿನ ಎಲ್ಲ ವರದಿಗಳೂ ಸ್ವಚ್ಛ, ಎಲ್ಲವೂ ಕ್ರಮವಾಗಿ ಕಡತದಲ್ಲಿವೆ. ಮುಂದಿನದು ಬರುವ ಗುರುವಾರ. ಆದರೆ ಬಲಪಾದಕ್ಕೆ ಸ್ಪರ್ಶ ಮರಳಲಿಲ್ಲ. ಚಪ್ಪಲಿ ಜಾರಿ ಹೋದರೂ ಅವನಿಗೆ ತಿಳಿಯುವುದಿಲ್ಲ, ಹಿಂದೆ ಬಂದವರು ಎತ್ತಿಕೊಡಬೇಕು. ಕಾಲು ಉಳಿಯಿತು ಎಂದು ಊರೆಲ್ಲ ಹೇಳುತ್ತಾರೆ, ನಾನೂ ಹೇಳುತ್ತೇನೆ. ಅವನೊಬ್ಬನು ಹೇಳುವುದಿಲ್ಲ.

ಹದಿನೈದು ದಿನದ ಹಿಂದೆ ಅವನು ಯಾರನ್ನೂ ಕೇಳದೆ ಕುಣಿಗೆ ಇಳಿದ. ಇಳಿಯಲು ಎಷ್ಟು ಹೊತ್ತು ಬೇಕಾಯಿತೆಂದು ಬರೆಯುವುದಿಲ್ಲ. ಲಾಳಿ ಎಸೆದ. ನಾಲ್ಕು ಬೆರಳು ನೇಯ್ಗೆಯಾಗುವುದರಲ್ಲಿ ಬಟ್ಟೆಯಲ್ಲಿ ಎಳೆಗಳು ಬಿಟ್ಟುಬಿಟ್ಟು ಕಾಣತೊಡಗಿದವು. ಬಲಗಾಲು ತುಳಿಹಲಗೆಯನ್ನು ಪೂರ್ತಿ ಒತ್ತುತ್ತಿದೆಯೋ ಇಲ್ಲವೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ನೇಯ್ದದ್ದನ್ನು ಬಿಚ್ಚಿದ, ಮತ್ತೆ ನೇಯ್ದ, ಮತ್ತೆ ಬಿಚ್ಚಿದ. ನಾನು ಅಂಗಳದಲ್ಲಿ ಕುಳಿತು ಕೇಳುತ್ತಿದ್ದೆ. ಕೊನೆಗೆ ಒಳಗಿನಿಂದ ಕರೆದ.

"ಅಣ್ಣಾ, ನಿನಗ ಕಾಗದ ಬಿಟ್ಟು ಬ್ಯಾರೆ ಏನರ ನೋಡಾಕ ಬರ್ತೈತೇನು?"

ಬರುತ್ತದೆ ಎಂದೆ. ಬ್ಯಾಟರಿ ತಂದು ಕುಣಿಯ ಪಕ್ಕದಲ್ಲಿ ನೆಲದ ಮೇಲೆ ಕೂರಲು ಹೇಳಿದ.

ಈಗ ದಿನಕ್ಕೆ ಎರಡು ತಾಸು ಇದೇ ನನ್ನ ನೌಕರಿ. ಎಳೆ ಕಟ್ಟಲು ಬಾರದವನೆಂದು ಮಗ್ಗದಿಂದ ಎಬ್ಬಿಸಿ ಕಳಿಸಿದವನನ್ನು ಅರವತ್ತಾರರಲ್ಲಿ ಅದೇ ಮಗ್ಗದ ಬುಡಕ್ಕೆ ವರ್ಗ ಮಾಡಿದ್ದಾರೆ. ಮಂಡಿ ನೋಯುತ್ತದೆ, ಕುಣಿಯ ದೂಳು ಮೂಗಿಗೆ ಏರುತ್ತದೆ, ತಮ್ಮ ಬೈಯುತ್ತಾನೆ. ಹಲಗೆಯ ಅಂಚಿನಲ್ಲಿ ಇಟ್ಟಿರುವ ಮೊಳೆಯ ಬಾಟಲಿ ಬ್ಯಾಟರಿಯ ಬೆಳಕಿನಲ್ಲಿ ನನ್ನ ಮುಖದ ಮುಂದೆಯೇ ಇರುತ್ತದೆ. ಅದನ್ನು ಬೇರೆ ಕಡೆ ಇಡಮ್ಮಾ ಎಂದು ತಮ್ಮನ ಹೆಂಡತಿಗೆ ಎರಡು ಸಲ ಹೇಳಿದೆ. ಮೊಳೆ ಕೈಗೆ ಸಿಗುವಲ್ಲಿ ಇರಬೇಕು ಎಂದಳು.

ತಮ್ಮ ಮೇಲೆ ಲಾಳಿ ಹಿಡಿದು ಕಾಯುತ್ತಾನೆ. ನಾನು ಕೆಳಗೆ ಆ ಪಾದವನ್ನು ನೋಡುತ್ತೇನೆ. ಅದು ತುಳಿಹಲಗೆಯ ಮೇಲೆ ಕುಳಿತಿರುತ್ತದೆ, ಯಾರದೋ ಪಾದದಂತೆ.

"ಮುಟ್ಟಿತೇನು?"

"ಇಲ್ಲ."

ಇನ್ನಷ್ಟು ಒತ್ತುತ್ತಾನೆ.

"ಈಗ?"

"ಇನ್ನ ಒಂದೀಟು."

ಒತ್ತುತ್ತಾನೆ. ಹಲಗೆ ನೆಲಕ್ಕೆ ತಾಗುತ್ತದೆ.

"ಆತು," ಎನ್ನುತ್ತೇನೆ. ಲಾಳಿ ಓಡುತ್ತದೆ.